ಬೆಳಗಿನ ಎಂಟು ಗಂಟೆಯ ರಕ್ತ

ಅಮೆರಿಕದ ಮಾಜಿ ಯೋಧರ ಆಸ್ಪತ್ರೆಗಳಲ್ಲಿ ದುಡಿಯುತ್ತಿರುವ ಕನ್ನಡದ ವೈದ್ಯರಿಗೆ,

ಮೈಸೂರು, ಹುಬ್ಬಳ್ಳಿ, ದಾವಣಗೆರೆ, ಮಣಿಪಾಲ, ಬೆಂಗಳೂರು, ಎಲ್ಲಿ ಓದಿದವರಾದರೂ ಸರಿ, ಹೌಸ್‌ಸರ್ಜನ್ ದಿನಗಳಲ್ಲಿ ಇಂಥ ಒಬ್ಬ ರೋಗಿಯನ್ನು ನಿಮ್ಮಲ್ಲಿ ಹಲವರು ನೋಡಿರುತ್ತೀರಿ. ನಲವತ್ತರ ಆಸುಪಾಸಿನ ಹೆಂಗಸು. ಬಿಳಿಚಿದ ಮುಖ, ತೆಳುವಾದ ಹುಬ್ಬು, ಒರಟು ಚರ್ಮ. ಎರಡು ದಿನದ ಭೇದಿಗೇ ಬಿ.ಪಿ. ಪಾತಾಳಕ್ಕಿಳಿದು ಎಮರ್ಜೆನ್ಸಿಗೆ ಬಂದಿರುತ್ತಾಳೆ. "ಮೊದಲಿಂದಲೂ ಹಿಂಗೇ ಸಾರ್, ಯಾವಾಗ ನೋಡಿದ್ರೂ ಸುಸ್ತು ಅಂತ ಮಲಗಿರ್ತಾಳೆ" ಎಂದು ಗಂಡ ಹೇಳುತ್ತಾನೆ. ಆ ಮಾತಿನಲ್ಲಿ ಸ್ವಲ್ಪ ಬೇಸರ, ಸ್ವಲ್ಪ ಆರೋಪ. ಅಷ್ಟರಲ್ಲಿ ರೌಂಡ್ಸ್‌ಗೆ ಬಂದ ಹಿರಿಯ ಪ್ರೊಫೆಸರ್ ಮಂಚದ ಪಕ್ಕ ನಿಂತು ಅದುವರೆಗೆ ಯಾರೂ ಕೇಳದ ಮೂರು ಪ್ರಶ್ನೆ ಕೇಳುತ್ತಾರೆ. ಕೊನೇ ಹೆರಿಗೆಯಲ್ಲಿ ರಕ್ತ ಜಾಸ್ತಿ ಹೋಗಿತ್ತೇನಮ್ಮ? ಮಗುವಿಗೆ ಹಾಲು ಬಂತಾ? ಆಮೇಲೆ ಮುಟ್ಟಾದೆಯಾ?

ಎಷ್ಟೋ ವರ್ಷಗಳ ಸೋಮಾರಿತನಕ್ಕೆ ಆ ಮೂರು ಉತ್ತರಗಳಲ್ಲಿ ಹೆಸರು ಸಿಕ್ಕುತ್ತದೆ. ಹೆರಿಗೆಯ ರಕ್ತಸ್ರಾವದಿಂದ ಪಿಟ್ಯುಟರಿ ಗ್ರಂಥಿ ಸತ್ತುಹೋಗುವ ಈ ಕಾಯಿಲೆಯನ್ನು ಹೆರಾಲ್ಡ್ ಶೀಹನ್ 1937ರಲ್ಲಿ ಗ್ಲ್ಯಾಸ್ಗೋದಿಂದ ವಿವರಿಸಿದ. ಅವನ ನಾಡಿನ ವಾರ್ಡುಗಳಿಂದ ಅದು ಬಹುಮಟ್ಟಿಗೆ ಮಾಯವಾಯಿತು, ನಮ್ಮ ಜಿಲ್ಲಾ ಆಸ್ಪತ್ರೆಗಳಲ್ಲಿ ಉಳಿದುಕೊಂಡಿತು. ಜತೆಗೆ ನಮ್ಮಲ್ಲಿ ಇನ್ನೊಂದು ದಾರಿಯೂ ಇದೆ: ಕೊಳಕುಮಂಡಲ. ಗದ್ದೆಯಲ್ಲಿ ಅದರ ಕಡಿತಕ್ಕೆ ಸಿಕ್ಕಿ, ಮೂತ್ರಪಿಂಡ ಕೆಟ್ಟು, ಡಯಾಲಿಸಿಸ್ ಮಾಡಿಸಿಕೊಂಡು ಹೇಗೋ ಬದುಕಿ ಮನೆಗೆ ಹೋದವನಿಗೆ ತಿಂಗಳುಗಳ ಮೇಲೆ ಗಡ್ಡ ಬೆಳೆಯುವುದು ನಿಲ್ಲುತ್ತದೆ, ಚಳಿ ತಡೆಯುವುದಿಲ್ಲ, ಗುದ್ದಲಿ ಎತ್ತಲಾಗುವುದಿಲ್ಲ. ಬರ್ಮಾದ ವೈದ್ಯರು 1980ರ ದಶಕದಲ್ಲಿ ಇದನ್ನು ವಿವರವಾಗಿ ದಾಖಲಿಸಿದರು. ದಕ್ಷಿಣ ಭಾರತದಿಂದಲೂ ಇಂಥ ವರದಿಗಳು ಬಂದಿವೆ. ಹಾವು ಕಚ್ಚಿದ್ದು ಕಾಲಿಗೆ, ಕೆಟ್ಟದ್ದು ತಲೆಯೊಳಗಿನ ಬಟಾಣಿ ಕಾಳಿನಷ್ಟು ಗ್ರಂಥಿ.

ಈ ಪತ್ರ ನಿಮಗೇ ಬರುತ್ತಿರುವುದು ಈ ಕಾರಣಕ್ಕೆ. ಪಿಟ್ಯುಟರಿ ಸದ್ದಿಲ್ಲದೆ ಸತ್ತಾಗ ಮನುಷ್ಯ ಹೇಗೆ ಕಾಣುತ್ತಾನೆ ಎಂಬುದು ನಿಮ್ಮ ಅಮೆರಿಕನ್ ಸಹೋದ್ಯೋಗಿಗಳಲ್ಲಿ ಬಹಳ ಮಂದಿಗೆ ಪುಸ್ತಕದ ಸಂಗತಿ, ನಿಮಗೆ ಕಣ್ಣಿನ ಸಂಗತಿ. ಈಗ ಅದೇ ಗ್ರಂಥಿ ಬೇರೊಬ್ಬ ರೋಗಿಯ ತಲೆಯೊಳಗೆ ಕುಳಿತು ನಿಮ್ಮ ಹೊರರೋಗಿ ವಿಭಾಗಕ್ಕೆ ಬರುತ್ತಿದೆ. ಅವನು ಹೆರಿಗೆಯಾದವನಲ್ಲ, ಹಾವು ಕಡಿಸಿಕೊಂಡವನಲ್ಲ. ಇರಾಕಿನದೋ ಆಫ್ಘಾನಿಸ್ತಾನದ್ದೋ ರಸ್ತೆಯಲ್ಲಿ ಅವನ ವಾಹನದ ಕೆಳಗೆ ಬಾಂಬು ಸಿಡಿದಿತ್ತು. ಒಂದೆರಡು ನಿಮಿಷ ಪ್ರಜ್ಞೆ ತಪ್ಪಿತ್ತು. ಕಿವಿಯಲ್ಲಿ ಗುಂಯ್ ಎನ್ನುತ್ತಿದ್ದರೂ ಮರುದಿನವೇ ಗಸ್ತಿಗೆ ಹೋಗಿದ್ದ.

ಮನೆಗೆ ಮರಳಿ ಎಷ್ಟೋ ವರ್ಷ ಕಳೆದ ಮೇಲೆ ಅವನ ಕೇಸ್‌ಶೀಟಿನಲ್ಲಿ ಇರುವುದೇನು? ಸದಾ ದಣಿವು. ನಿದ್ದೆ ಇಲ್ಲ. ಮರೆವು. ಸಿಡುಕು. ಹೊಟ್ಟೆ ಬಂದಿದೆ, ತೋಳು ಇಳಿದಿದೆ. ಹೆಂಡತಿಯೊಂದಿಗೆ ಮಲಗುವ ಆಸೆ ಇಲ್ಲ. ಇದನ್ನು ಅವನು ಹೇಳುವುದಿಲ್ಲ, ಕೇಳಿದರೆ ಮಾತ್ರ ಕೆಳಗೆ ನೋಡುತ್ತ ಹ್ಞೂಂ ಎನ್ನುತ್ತಾನೆ. ರೋಗದ ಕಾಲಂನಲ್ಲಿ ಪಿ.ಟಿ.ಎಸ್.ಡಿ. (ಆಘಾತದ ನಂತರದ ಮನೋವ್ಯಾಧಿ), ಖಿನ್ನತೆ, ನಿದ್ರಾಹೀನತೆ ಎಂದು ಬರೆದಿರುತ್ತದೆ. ಮಾತ್ರೆಗಳ ಪಟ್ಟಿ ಹನುಮಂತನ ಬಾಲ. ಪಿ.ಟಿ.ಎಸ್.ಡಿ. ಸುಳ್ಳೆಂದು ಯಾರೂ ಹೇಳುತ್ತಿಲ್ಲ. ಯುದ್ಧ ಕಂಡವರಲ್ಲಿ ಅದು ನಿಜವಾಗಿಯೇ ಇರುತ್ತದೆ. ಆದರೆ ಪಿಟ್ಯುಟರಿಯ ಸೋಲು ಮತ್ತು ಪಿ.ಟಿ.ಎಸ್.ಡಿ., ಈ ಎರಡರ ಲಕ್ಷಣಗಳನ್ನು ಒಂದರ ಪಕ್ಕ ಒಂದಿಟ್ಟರೆ ಅವಳಿಗಳ ಹಾಗೆ ಕಾಣುತ್ತವೆ. ಒಂದಕ್ಕೆ ರಕ್ತದ ಪರೀಕ್ಷೆ ಇದೆ, ಇನ್ನೊಂದಕ್ಕೆ ಇಲ್ಲ. ಪರೀಕ್ಷೆ ಇರುವುದನ್ನೇ ಪರೀಕ್ಷಿಸದೆ ಬಿಡುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ.

ಈ ಗ್ರಂಥಿ ಇಷ್ಟು ಸುಲಭವಾಗಿ ಏಟು ತಿನ್ನುವುದೇಕೆ ಎಂದು ವೈದ್ಯರಲ್ಲದ ಓದುಗರಿಗೆ ಅನಿಸಬಹುದು. ಪಿಟ್ಯುಟರಿಯ ತೂಕ ಅರ್ಧ ಗ್ರಾಮಿನ ಆಸುಪಾಸು. ತಲೆಬುರುಡೆಯ ತಳದಲ್ಲಿ ಕುದುರೆಯ ಜೀನಿನ ಆಕಾರದ ಒಂದು ಎಲುಬಿನ ಗೂಡಿದೆ; ಅಂಗರಚನಾ ಶಾಸ್ತ್ರದವರು ಅದನ್ನು ತುರ್ಕಿ ಜೀನು ಎಂದೇ ಕರೆದರು. ಗ್ರಂಥಿ ಅದರಲ್ಲಿ ಭದ್ರವಾಗಿ ಕುಳಿತಿದೆ, ಆದರೆ ಅದರ ಮೇಲಿರುವ ಮಿದುಳು ತೇಲುವ ವಸ್ತು. ಇವೆರಡನ್ನು ಜೋಡಿಸಿರುವುದು ಒಂದು ತೆಳುವಾದ ತೊಟ್ಟು. ತಲೆ ಜೋರಾಗಿ ಅಲುಗಿದಾಗ ಮಿದುಳು ಒಂದು ಕಡೆ ಸರಿಯುತ್ತದೆ, ಗ್ರಂಥಿ ಸರಿಯುವುದಿಲ್ಲ, ತೊಟ್ಟು ಜಗ್ಗುತ್ತದೆ. ಗ್ರಂಥಿಯ ಮುಂಭಾಗಕ್ಕೆ ಬರುವ ರಕ್ತದಲ್ಲಿ ಹೆಚ್ಚಿನದು ಈ ತೊಟ್ಟಿನಗುಂಟ ಇಳಿಯುವ ಕಡಿಮೆ ಒತ್ತಡದ ನಾಳಗಳಲ್ಲಿ ಹರಿಯುತ್ತದೆ. ಅವು ಹರಿದರೂ, ಮಿದುಳು ಬಾತು ಅವನ್ನು ಒತ್ತಿದರೂ, ಗಾಯಾಳುವಿನ ಬಿ.ಪಿ. ಕುಸಿದರೂ ಕೆಳಗಿನವರಿಗೆ ನೀರು ನಿಂತಂತೆ. ಕಾಲುವೆಯ ಕೊನೆಯ ಗದ್ದೆಗೆ ಮೊದಲು ಬರ ಬರುತ್ತದಲ್ಲ, ಇಲ್ಲೂ ಹಾಗೆಯೇ: ಗ್ರಂಥಿಯ ಎರಡು ಅಂಚುಗಳಲ್ಲಿರುವ, ಬೆಳವಣಿಗೆಯ ಹಾರ್ಮೋನು ತಯಾರಿಸುವ ಜೀವಕೋಶಗಳು ಮೊದಲು ಸಾಯುತ್ತವೆ. ಶೀಹನ್ ಕಂಡ ಬಾಣಂತಿಯಲ್ಲಿ ಆದದ್ದೂ ಮೂಲದಲ್ಲಿ ಇದೇ ಬರಗಾಲ.

ಬಾಂಬಿನ ಸಂಗತಿ ಇನ್ನೂ ಸೂಕ್ಷ್ಮ. ತಲೆ ಯಾವುದಕ್ಕೂ ಬಡಿಯಬೇಕೆಂದೇ ಇಲ್ಲ. ಸಿಡಿತದ ಒತ್ತಡದ ಅಲೆ ದೇಹವನ್ನು ಹಾದುಹೋದರೆ ಸಾಕು. ಹೊರಗೆ ಒಂದು ಗೀರೂ ಇರುವುದಿಲ್ಲ. ಸ್ಕ್ಯಾನ್ ಮಾಡಿದರೆ ಎಂ.ಆರ್.ಐ. ಎಷ್ಟೋ ಸಲ ನಾರ್ಮಲ್.

ಚರಿತ್ರೆಯಲ್ಲಿ ಇದಕ್ಕೆ ಸಂಬಂಧಿಸಿದ ಒಂದು ವಿಪರ್ಯಾಸ ಇದೆ, ಹೇಳದೆ ಮುಂದೆ ಹೋಗಲಾಗದು. ಪಿಟ್ಯುಟರಿಯ ಕಾಯಿಲೆಗಳ ಬಗ್ಗೆ 1912ರಲ್ಲಿ ಇಡೀ ಪುಸ್ತಕವನ್ನೇ ಬರೆದವನು ಅಮೆರಿಕದ ಹಾರ್ವೆ ಕುಷಿಂಗ್. ಅದೇ ಕುಷಿಂಗ್ ಮೊದಲ ಮಹಾಯುದ್ಧದಲ್ಲಿ ಸೇನಾ ಶಸ್ತ್ರಚಿಕಿತ್ಸಕನಾಗಿ ದುಡಿದ. 1917ರಲ್ಲಿ ಮಿದುಳಿಗೆ ಗಾಯವಾದ ಸೈನಿಕರ ಮೇಲೆ ಒಂದರ ಹಿಂದೊಂದು ಶಸ್ತ್ರಕ್ರಿಯೆ ನಡೆಸಿದ. ಒಳಹೊಕ್ಕ ಲೋಹದ ಚೂರುಗಳನ್ನು ಅಯಸ್ಕಾಂತದಿಂದ ಎಳೆದು ತೆಗೆದ. ಅರ್ಧಕ್ಕೂ ಮಿಕ್ಕಿದ್ದ ಸಾವಿನ ಪ್ರಮಾಣವನ್ನು ಮೂರು ತಿಂಗಳಲ್ಲಿ ಮೂರನೇ ಒಂದಕ್ಕಿಂತ ಕೆಳಗೆ ಇಳಿಸಿದ. ಒಂದು ಕೈಯಲ್ಲಿ ಪಿಟ್ಯುಟರಿ, ಇನ್ನೊಂದು ಕೈಯಲ್ಲಿ ಒಡೆದ ತಲೆ. ಆದರೆ ತಲೆಗೆ ಪೆಟ್ಟಾದ ಮೇಲೆ ಪಿಟ್ಯುಟರಿ ಸೋತ ಮೊದಲ ವರದಿ ಬಂದದ್ದು ಯುದ್ಧದ ಆಚೆ ಬದಿಯಿಂದ. 1918ರಲ್ಲಿ ಸಿರಾನ್ ಎಂಬ ಜರ್ಮನ್ ವೈದ್ಯ ಅದನ್ನು ಪ್ರಕಟಿಸಿದ.

ಆಮೇಲೆ ಎಂಬತ್ತು ವರ್ಷ ಹೆಚ್ಚುಕಡಿಮೆ ನಿದ್ದೆ. 1942ರಲ್ಲಿ ಎಸ್ಕಮಿಲ್ಲಾ ಮತ್ತು ಲಿಸ್ಸರ್ ಎಂಬಿಬ್ಬರು ವೈದ್ಯಕೀಯ ಸಾಹಿತ್ಯವನ್ನೆಲ್ಲ ಜಾಲಾಡಿ, ಪಿಟ್ಯುಟರಿ ಸೋತ 595 ಪ್ರಕರಣಗಳನ್ನು ಒಟ್ಟುಗೂಡಿಸಿದರು. ಅವುಗಳಲ್ಲಿ ತಲೆಪೆಟ್ಟಿನಿಂದ ಆದದ್ದೆಂದು ಬರೆದಿದ್ದವು 4. ಆ ಸಂಖ್ಯೆ ಪಠ್ಯಪುಸ್ತಕಗಳಿಗೆ ಇಳಿಯಿತು, "ಅಪರೂಪ" ಎಂಬ ಮಾತಾಗಿ ನಿಂತಿತು. ಅಪರೂಪವೆಂದಾದ ಮೇಲೆ ಯಾರೂ ಹುಡುಕಲಿಲ್ಲ, ಹುಡುಕದ್ದರಿಂದ ಅಪರೂಪವಾಗಿಯೇ ಉಳಿಯಿತು.

ಹುಡುಕಿದ ಮೇಲೆ ಸಿಕ್ಕಿತು. 2000ದ ಸುಮಾರಿಗೆ ಅಮೆರಿಕದ ಕೆಲವು ತಂಡಗಳು ತಲೆಪೆಟ್ಟಿನ ರೋಗಿಗಳ ಹಾರ್ಮೋನುಗಳನ್ನು ಸಾಲಾಗಿ ಅಳೆಯತೊಡಗಿದವು. ಡಬ್ಲಿನ್ನಿನ ವೈದ್ಯರು 2004ರಲ್ಲಿ 102 ಮಂದಿಯನ್ನು ಪರೀಕ್ಷಿಸಿ, ಶೇ. 28ರಷ್ಟು ಜನರಲ್ಲಿ ಒಂದಾದರೂ ಹಾರ್ಮೋನಿನ ಕೊರತೆ ಕಂಡರು. ಅದೇ ವರ್ಷ ತುರ್ಕಿಯ ಕೈಸೇರಿಯಲ್ಲಿ 11 ಬಾಕ್ಸಿಂಗ್ ಪಟುಗಳನ್ನು ಪರೀಕ್ಷಿಸಿದಾಗ 5 ಜನರಲ್ಲಿ ಬೆಳವಣಿಗೆಯ ಹಾರ್ಮೋನು ಕಡಿಮೆ ಇತ್ತು. (ತುರ್ಕಿ ಜೀನಿನ ಸುದ್ದಿ ತುರ್ಕಿಯಿಂದಲೇ ಬಂದದ್ದು ಕಾಕತಾಳೀಯ.) 2007ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆ 'ಜಾಮಾ'ದಲ್ಲಿ ಬಂದ ಸಮೀಕ್ಷೆ ಅದುವರೆಗಿನ ಅಧ್ಯಯನಗಳನ್ನೆಲ್ಲ ಕೂಡಿಸಿ ನೋಡಿತು. ಶೇ. 27.5 ಎಂಬುದು ಅದರ ಲೆಕ್ಕ.

ಇವೆಲ್ಲ ಹೆಚ್ಚಾಗಿ ಕಾರು ಅಪಘಾತ, ಬೀಳುವಿಕೆ, ಆಟದ ಮೈದಾನದ ರೋಗಿಗಳು. ಬಾಂಬಿನ ರೋಗಿಗಳನ್ನು ಬೇರೆಯಾಗಿ ನೋಡಿದ್ದು ಸಿಯಾಟಲ್‌ನ ಮಾಜಿ ಯೋಧರ ಆಸ್ಪತ್ರೆಯಲ್ಲಿ, ಅಂದರೆ ನಿಮ್ಮದೇ ಸಂಸ್ಥೆಯೊಳಗೆ. ಚಾರ್ಲ್ಸ್ ವಿಲ್ಕಿನ್ಸನ್ ಮತ್ತು ಸಹೋದ್ಯೋಗಿಗಳು 2012ರಲ್ಲಿ ಪ್ರಕಟಿಸಿದ ಆ ಅಧ್ಯಯನದಲ್ಲಿ ಇದ್ದವರು ಕೇವಲ 26 ಮಂದಿ. ಎಲ್ಲರೂ ಇರಾಕ್ ಇಲ್ಲವೇ ಆಫ್ಘಾನಿಸ್ತಾನದಿಂದ ಬಂದವರು, ಎಲ್ಲರ ಗಾಯವೂ "ಸೌಮ್ಯ" ಎಂದು ದಾಖಲಾದದ್ದು, ಎಲ್ಲರಿಗೂ ಕೊನೆಯ ಸಿಡಿತದಿಂದ ಕನಿಷ್ಠ ಒಂದು ವರ್ಷ ಕಳೆದಿತ್ತು. 11 ಜನರಲ್ಲಿ, ಅಂದರೆ ಶೇ. 42ರಷ್ಟು ಜನರಲ್ಲಿ, ಯಾವುದಾದರೊಂದು ಹಾರ್ಮೋನಿನ ಸಾಲು ಏರುಪೇರಾಗಿತ್ತು. ಮರುವರ್ಷ ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು ಆಫ್ಘಾನಿಸ್ತಾನದಲ್ಲಿ ಬಾಂಬಿಗೆ ಸಿಕ್ಕ 19 ಬ್ರಿಟಿಷ್ ಸೈನಿಕರನ್ನು, ಬೇರೆ ಬಗೆಯಲ್ಲಿ ತಲೆಪೆಟ್ಟಾದ 39 ಗಂಡಸರೊಂದಿಗೆ ಹೋಲಿಸಿದರು. ಸೈನಿಕರಲ್ಲಿ 6 ಜನಕ್ಕೆ ಪಿಟ್ಯುಟರಿ ತೊಂದರೆ, ಉಳಿದವರಲ್ಲಿ ಒಬ್ಬನಿಗೆ. ಸಂಖ್ಯೆಗಳು ಚಿಕ್ಕವು, ನಿಜ. ಆದರೆ ಗಾಯದ ತೀವ್ರತೆ ಒಂದೇ ಮಟ್ಟದ್ದಾದರೂ ಬಾಂಬು ಬೇರೆಯದೇ ಏನೋ ಮಾಡುತ್ತದೆ ಎಂಬ ಅನುಮಾನಕ್ಕೆ ಅಷ್ಟು ಸಾಕು. 2000ದಿಂದೀಚೆಗೆ ಅಮೆರಿಕದ ಸೇನೆಯಲ್ಲಿ ದಾಖಲಾದ ತಲೆಪೆಟ್ಟುಗಳು 4 ಲಕ್ಷಕ್ಕೂ ಹೆಚ್ಚು, ಅವುಗಳಲ್ಲಿ ಐದಕ್ಕೆ ನಾಲ್ಕು "ಸೌಮ್ಯ".

"ಸೌಮ್ಯ" ಎಂಬ ಆ ಪದದ ಮುಂದೆ ಸ್ವಲ್ಪ ನಿಲ್ಲಬೇಕು.

ಪ್ರಜ್ಞೆ ತಪ್ಪಿದ್ದು ಅರ್ಧ ಗಂಟೆಯೊಳಗೆ, ಮಂಕು ಕವಿದದ್ದು ಒಂದು ದಿನದೊಳಗೆ, ಸ್ಕ್ಯಾನ್ ನಾರ್ಮಲ್. ಇಷ್ಟಾದರೆ ಆ ಗಾಯ ಸೌಮ್ಯ. ಇದು ಮೊದಲ ದಿನದ ಅಳತೆ. ಐದನೇ ವರ್ಷದಲ್ಲಿ ಆ ಮನುಷ್ಯ ಹೇಗಿದ್ದಾನೆ ಎಂಬುದಕ್ಕೂ ಇದಕ್ಕೂ ಸಂಬಂಧವಿಲ್ಲ. ಆದರೆ ಪದ ಕೇಸ್‌ಶೀಟಿನಲ್ಲಿ ಒಮ್ಮೆ ಅಂಟಿತೆಂದರೆ ಗೋಂದಿನಂತೆ ಬಿಡುವುದಿಲ್ಲ. 2020ರ ಜನವರಿ 8ರಂದು ಇರಾಕಿನ ಅಲ್ ಅಸದ್ ವಾಯುನೆಲೆಯ ಮೇಲೆ ಇರಾನಿನ ಕ್ಷಿಪಣಿಗಳು ಬಿದ್ದವು. ಅಮೆರಿಕನ್ನರಲ್ಲಿ ಯಾರಿಗೂ ಏನೂ ಆಗಿಲ್ಲ ಎಂಬುದು ಮೊದಲ ಹೇಳಿಕೆ. ಎರಡು ವಾರದ ಮೇಲೆ ದಾವೋಸ್‌ನಲ್ಲಿ ಪತ್ರಕರ್ತರು ಕೇಳಿದಾಗ ಅಧ್ಯಕ್ಷ ಟ್ರಂಪ್, ಅವರಿಗೆ ತಲೆನೋವು ಬಂದಿತ್ತೆಂದು ಕೇಳಿದ್ದೇನೆ, ಅದೇನು ಗಂಭೀರವಲ್ಲ ಎಂಬರ್ಥದ ಮಾತಾಡಿದರು. ಫೆಬ್ರವರಿ ಮುಗಿಯುವ ಹೊತ್ತಿಗೆ ತಲೆಪೆಟ್ಟು ದೃಢಪಟ್ಟವರ ಸಂಖ್ಯೆ 110ಕ್ಕೆ ಮುಟ್ಟಿತ್ತು. ಪೆಂಟಗನ್ ಪ್ರಕಾರ ಅವು ಸೌಮ್ಯವಾದವು. ಗಾಯಾಳುಗಳಿಗೆ ಕೊಡುವ ಪರ್ಪಲ್ ಹಾರ್ಟ್ ಪದಕ ಅದೇ ವರ್ಷ 29 ಜನರಿಗೆ ಸಿಕ್ಕಿತು. ಇನ್ನೂ 39 ಜನ ಅದಕ್ಕಾಗಿ 2021ರ ಡಿಸೆಂಬರಿನ ತನಕ ಕಾಯಬೇಕಾಯಿತು.

ಅಮೆರಿಕದ ಸರ್ಕಾರ ಏನೂ ಮಾಡಿಲ್ಲ ಎಂದು ಬರೆದರೆ ಅದು ಅನ್ಯಾಯ. 2007ರ ಏಪ್ರಿಲ್‌ನಿಂದ, ಇರಾಕ್ ಮತ್ತು ಆಫ್ಘಾನಿಸ್ತಾನದ ಯುದ್ಧಗಳಿಂದ ಮರಳಿ ಮಾಜಿ ಯೋಧರ ಇಲಾಖೆಯ (ವಿ.ಎ.) ಆಸ್ಪತ್ರೆಗೆ ಬರುವ ಪ್ರತಿಯೊಬ್ಬರನ್ನೂ ತಲೆಪೆಟ್ಟಿನ ಬಗ್ಗೆ ಕೇಳುವ ಪದ್ಧತಿ ಇದೆ. ಸಿಡಿತಕ್ಕೆ ಸಿಕ್ಕಿದ್ದಿರಾ, ಆಗ ಏನಾಯಿತು, ಆಮೇಲೆ ಏನು ಹೆಚ್ಚಾಯಿತು, ಈಗ ಏನಿದೆ ಎಂಬ ನಾಲ್ಕು ಹಂತದ ಪ್ರಶ್ನೆಗಳು. ನಾಲ್ಕಕ್ಕೂ ಹೌದು ಎಂದವರಿಗೆ ವಿವರವಾದ ತಪಾಸಣೆ, ಅದರಲ್ಲಿ 22 ಲಕ್ಷಣಗಳ ಒಂದು ಪಟ್ಟಿ. ತಲೆಸುತ್ತಿನಿಂದ ಹಿಡಿದು ತಾಳ್ಮೆಗೆಡುವುದರವರೆಗೆ ಎಲ್ಲ ಇದೆ. ದಣಿವೂ ಇದೆ, ನಿದ್ದೆಯೂ ಇದೆ. ಇಲ್ಲದಿರುವುದು ಎರಡು: ಚಳಿ ತಡೆಯಲಾಗುತ್ತದೆಯೇ ಎಂಬ ಪ್ರಶ್ನೆ, ದಾಂಪತ್ಯದ ಆಸೆ ಹೇಗಿದೆ ಎಂಬ ಪ್ರಶ್ನೆ. ನಮ್ಮ ಪ್ರೊಫೆಸರ್ ಮಂಚದ ಪಕ್ಕ ನಿಂತು ಕೇಳಿದವೂ ಇಂಥವೇ ಅಲ್ಲವೇ? ಪಿಟ್ಯುಟರಿಯ ಬಾಗಿಲು ತೆರೆಯುವ ಪ್ರಶ್ನೆಗಳನ್ನೇ ಬಿಟ್ಟು ಉಳಿದದ್ದನ್ನೆಲ್ಲ ಕೇಳುವ ಪಟ್ಟಿ ಅದು.

2012ರಲ್ಲಿ ಸೇನೆಯ ಮಿದುಳು ಗಾಯ ತಜ್ಞರೇ ಈ ಕೊರತೆ ತುಂಬಲು ಒಂದು ಶಿಫಾರಸು ಬರೆದರು. ಸೌಮ್ಯವಾದ ತಲೆಪೆಟ್ಟೇ ಆಗಿರಲಿ, ಲಕ್ಷಣಗಳು ಮೂರು ತಿಂಗಳಾದರೂ ಹೋಗದಿದ್ದರೆ, ಇಲ್ಲವೇ ಗಾಯವಾದ ಮೂರು ವರ್ಷದೊಳಗೆ ಹೊಸದಾಗಿ ಕಾಣಿಸಿಕೊಂಡರೆ, ಹಾರ್ಮೋನು ಪರೀಕ್ಷೆ ಮಾಡಿಸಿ ಎಂಬುದು ಅದರ ಸಾರ. ಯಾವ ಪರೀಕ್ಷೆಗಳು ಎಂದೂ ಬರೆದಿದ್ದರು: ಬೆಳಗಿನ ಕಾರ್ಟಿಸಾಲ್, ಥೈರಾಯ್ಡಿನ ಟಿ.ಎಸ್.ಎಚ್. ಮತ್ತು ಫ್ರೀ ಟಿ4 ಎರಡೂ, ಎಲ್.ಎಚ್., ಎಫ್.ಎಸ್.ಎಚ್., ಪ್ರೊಲ್ಯಾಕ್ಟಿನ್, ಗಂಡಸರಿಗೆ ಟೆಸ್ಟೊಸ್ಟಿರಾನ್, ಹೆಂಗಸರಿಗೆ ಈಸ್ಟ್ರಡಯಾಲ್, ಮತ್ತೆ ಬೆಳವಣಿಗೆಯ ಹಾರ್ಮೋನಿನ ಸುಳಿವು ಕೊಡುವ ಐ.ಜಿ.ಎಫ್.-1. ಯಾವ ವಿ.ಎ. ಲ್ಯಾಬಿನಲ್ಲೂ ಬರೆದುಕೊಡಬಹುದಾದ ಪರೀಕ್ಷೆಗಳು. ದೊಡ್ಡ ಯಂತ್ರ ಬೇಡ, ತಜ್ಞರ ಸರದಿಗೆ ಮೊದಲೇ ಕಾಯಬೇಕಿಲ್ಲ. ಆದರೆ ಶಿಫಾರಸು ಎಂದರೆ ಆದೇಶವಲ್ಲ. ಕಡತದಲ್ಲಿರುವುದು ಕಾರಿಡಾರಿಗೆ ಬರಲು ಯಾರಾದರೂ ಒಬ್ಬರು ಕೈಯಲ್ಲಿ ಹಿಡಿದು ತರಬೇಕು.

ಹಣದ ವಿಷಯಕ್ಕೆ ಬಂದರೆ ಗಂಟು ಇನ್ನೂ ಬಿಗಿ. 2014ರ ಜನವರಿಯಿಂದ ಜಾರಿಯಲ್ಲಿರುವ ವಿ.ಎ. ನಿಯಮವೊಂದು, ತಲೆಪೆಟ್ಟಿನ ನಂತರ ಬರುವ ಐದು ಕಾಯಿಲೆಗಳನ್ನು ಸೇವೆಯಿಂದಲೇ ಬಂದವೆಂದು ಒಪ್ಪಿಕೊಳ್ಳುತ್ತದೆ. ಪಾರ್ಕಿನ್ಸನ್ ಬಗೆಯ ನಡುಕ, ಮೂರ್ಛೆ, ಮರೆಗುಳಿತನ, ಖಿನ್ನತೆ, ಐದನೆಯದು ಪಿಟ್ಯುಟರಿ ಮತ್ತು ಹೈಪೋಥಲಾಮಸ್‌ನಿಂದ ಬರುವ ಹಾರ್ಮೋನು ಕೊರತೆ. ಕೇಳಲು ಚೆನ್ನ. ಷರತ್ತು ಓದಿದರೆ ಮಾತ್ರ ಗೊತ್ತಾಗುವುದು: ಹಾರ್ಮೋನು ಕೊರತೆಗೆ ಈ ಸೌಲಭ್ಯ ಸಿಗಬೇಕಾದರೆ ಗಾಯ ಮಧ್ಯಮ ಇಲ್ಲವೇ ತೀವ್ರ ಆಗಿರಬೇಕು, ಕೊರತೆ 12 ತಿಂಗಳೊಳಗೆ ಕಾಣಿಸಿಕೊಂಡಿರಬೇಕು. ಖಿನ್ನತೆಗಾದರೆ ಸೌಮ್ಯ ಗಾಯಕ್ಕೂ ಒಂದು ದಾರಿ ಇಟ್ಟಿದ್ದಾರೆ. ಹಾರ್ಮೋನಿಗೆ ಇಲ್ಲ. ಸಿಯಾಟಲ್ಲಿನ ಆ 26 ಮಂದಿ, ಅಲ್ ಅಸದ್‌ನ 110 ಮಂದಿ, ಲಕ್ಷಗಟ್ಟಲೆ "ಸೌಮ್ಯ"ರು ಎಲ್ಲ ಈ ಗೆರೆಯ ಹೊರಗೆ. ಇನ್ನು ಗೆರೆಯ ಒಳಗಿದ್ದವನಿಗೂ 12 ತಿಂಗಳೊಳಗೆ ಕೊರತೆ ಇತ್ತೆಂದು ತೋರಿಸಲು ಆಗ ಯಾರಾದರೂ ರಕ್ತ ತೆಗೆದಿರಬೇಕಲ್ಲ? ತೆಗೆಯದ ರಕ್ತದ ರಿಪೋರ್ಟು ಎಲ್ಲಿಂದ ತರುವುದು?

ಅದೇ ನಿಯಮದಲ್ಲಿ ಒಂದು ಕಿಂಡಿ ಉಂಟು. ತೀವ್ರತೆಯ, ಕಾಲದ ಮಿತಿಗೆ ಸೇರದವರೂ ಸಾಕ್ಷ್ಯವಿದ್ದರೆ ಹಕ್ಕು ಕೇಳಬಹುದು. ವಿ.ಎ.ಯ ಅಳತೆಗೋಲು ಕೋರ್ಟಿನ ಕ್ರಿಮಿನಲ್ ಕೇಸಿನಷ್ಟು ಕಠಿಣವಲ್ಲ: ಈ ಕಾಯಿಲೆ ಆ ಗಾಯದಿಂದಲೇ ಬಂದಿರುವ ಸಾಧ್ಯತೆ, ಬಂದಿಲ್ಲದಿರುವ ಸಾಧ್ಯತೆಯಷ್ಟಾದರೂ ಇದ್ದರೆ ಸಾಕು, ಸಂಶಯದ ಲಾಭ ಯೋಧನಿಗೆ. ಹಾಗೆಂದು ಕಾರಣ ಸಮೇತ ಬರೆಯಬೇಕಾದವರು ವೈದ್ಯರು. ನಿಮ್ಮ ಕೇಸ್‌ಶೀಟಿನ ನಾಲ್ಕು ಸಾಲು ಒಂದು ಸಂಸಾರದ ತಿಂಗಳ ಲೆಕ್ಕವನ್ನೇ ಬದಲಿಸಬಲ್ಲದು. ಯಾವಾಗ ಸಿಡಿತ, ಎಷ್ಟು ಸಲ, ಎಷ್ಟು ಹೊತ್ತು ಪ್ರಜ್ಞೆ ಇರಲಿಲ್ಲ, ಆಮೇಲೆ ಮೈ ಯಾವಾಗ ಬದಲಾಯಿತು. ಇಷ್ಟನ್ನು ಬರೆದಿಡುವ ವೈದ್ಯರು ಅರ್ಧ ವಕೀಲಿಕೆಯನ್ನೂ ಮಾಡಿದ ಹಾಗೆ.

ಇಷ್ಟು ಹೇಳಿದ ಮೇಲೆ ಎದುರಿನ ಮಾತನ್ನೂ ಹೇಳಬೇಕು. ಡೆನ್ಮಾರ್ಕಿನ ರಾಷ್ಟ್ರೀಯ ಅಧ್ಯಯನ 2014ರಲ್ಲಿ ಎಲ್ಲರ ಉತ್ಸಾಹಕ್ಕೆ ತಣ್ಣೀರು ಎರಚಿತು. ತಲೆಪೆಟ್ಟಾದ 439 ಮಂದಿಯ ಜತೆಗೆ ಆರೋಗ್ಯವಂತರನ್ನೂ ಅದೇ ಪರೀಕ್ಷೆಗಳಿಗೆ ಒಡ್ಡಿದರು. ಬೆಳವಣಿಗೆಯ ಹಾರ್ಮೋನಿನ ಕೊರತೆ ಎಷ್ಟು ಜನರಿಗೆ ಇದೆ ಎಂಬುದು ಯಾವ ಪರೀಕ್ಷೆ ಮಾಡುತ್ತೀರಿ, ಗೆರೆ ಎಲ್ಲಿ ಎಳೆಯುತ್ತೀರಿ ಎಂಬುದರ ಮೇಲೆ ನಿಂತಿತ್ತು. ಎರಡು ಪರೀಕ್ಷೆಗಳಲ್ಲೂ ಕೊರತೆ ಕಂಡರೆ ಮಾತ್ರ ರೋಗ ಎಂದು ಬಿಗಿ ಮಾಡಿದಾಗ ಬೆರಳೆಣಿಕೆಯ ಜನ ಉಳಿದರು. ಇದನ್ನು ಮುಚ್ಚಿಟ್ಟು ಶೇ. 42 ಎಂದು ಡಂಗುರ ಹೊಡೆಯುವುದು ಯೋಧರಿಗೆ ಮಾಡುವ ಉಪಕಾರವಲ್ಲ.

ಏಕೆಂದರೆ ಇದರ ಸುತ್ತ ಈಗಾಗಲೇ ಒಂದು ಸಂತೆ ಇದೆ. ಟೆಸ್ಟೊಸ್ಟಿರಾನ್ ಕಡಿಮೆ ಎಂದು ಒಂದೇ ರಿಪೋರ್ಟು ತೋರಿಸಿ ಇಂಜೆಕ್ಷನ್ ಶುರು ಮಾಡುವ ಖಾಸಗಿ ಕ್ಲಿನಿಕ್ಕುಗಳಿಗೆ ಅಮೆರಿಕದಲ್ಲಿ ಬರವಿಲ್ಲ. ದಪ್ಪಗಿರುವವನಲ್ಲಿ ಟೆಸ್ಟೊಸ್ಟಿರಾನ್ ತಾನಾಗಿ ಇಳಿದಿರುತ್ತದೆ. ಬೆಳವಣಿಗೆಯ ಹಾರ್ಮೋನೂ ಅಷ್ಟೇ. ರಾತ್ರಿ ಉಸಿರು ಕಟ್ಟಿ ನಿದ್ದೆಗೆಡುವವನಲ್ಲೂ ಹಾಗೆ. ಬೆನ್ನುನೋವಿಗೆಂದು ಅಫೀಮು ಜಾತಿಯ ಮಾತ್ರೆ ನುಂಗುವವನಲ್ಲಿ ಎಲ್.ಎಚ್. ಮಾತ್ರವಲ್ಲ, ಕಾರ್ಟಿಸಾಲೂ ಕುಗ್ಗುತ್ತದೆ. ಮಂಡಿಗೆ ಸ್ಟೀರಾಯ್ಡ್ ಇಂಜೆಕ್ಷನ್ ತೆಗೆದುಕೊಂಡು ಬಂದವನ ಕಾರ್ಟಿಸಾಲ್ ರಿಪೋರ್ಟನ್ನು ನಂಬುವುದು ಕಷ್ಟ. ಕೂದಲಿಗೆಂದು ಬಯೋಟಿನ್ ತಿನ್ನುವವನಲ್ಲಿ ಥೈರಾಯ್ಡ್ ಪರೀಕ್ಷೆಯೇ ಸುಳ್ಳು ಹೇಳಬಹುದು. ಮಾಜಿ ಯೋಧರಲ್ಲಿ ಇವೆಲ್ಲ ಸಾಮಾನ್ಯ. ಒಮ್ಮೆ ಇಂಜೆಕ್ಷನ್ ಶುರುವಾಯಿತೋ, ಮೂಲದಲ್ಲಿ ಪಿಟ್ಯುಟರಿ ಸರಿ ಇತ್ತೋ ಇಲ್ಲವೋ ಎಂದು ತಿಳಿಯುವುದೇ ಕಷ್ಟ, ಮಕ್ಕಳಾಗುವ ಸಾಮರ್ಥ್ಯಕ್ಕೂ ಕುತ್ತು. ಅತ್ತ ದರಿ, ಇತ್ತ ಪುಲಿ: ಹುಡುಕದಿದ್ದರೆ ತಪ್ಪು, ಹುಡುಕಿದ್ದನ್ನೆಲ್ಲ ನಂಬಿದರೂ ತಪ್ಪು.

ನಡುವಿನ ದಾರಿ ಇದೆ, ಹೊಸದೇನಲ್ಲ. ಲಕ್ಷಣ ಇರುವವನನ್ನು ಪರೀಕ್ಷಿಸುವುದು, ಕಡಿಮೆ ಬಂದದ್ದನ್ನು ಇನ್ನೊಂದು ಬೆಳಿಗ್ಗೆ ಮತ್ತೆ ಅಳೆಯುವುದು, ಎರಡನೆಯ ಸಲವೂ ಹಾಗೆಯೇ ಇದ್ದರೆ ಎಂಡೊಕ್ರೈನಾಲಜಿಸ್ಟರ ಬಳಿಗೆ ಕಳಿಸುವುದು. ತಲೆಪೆಟ್ಟಾದ ಮೊದಲ ತಿಂಗಳುಗಳಲ್ಲಿ ಕುಗ್ಗಿದ ಹಾರ್ಮೋನು ವರ್ಷದೊಳಗೆ ತಾನೇ ಚೇತರಿಸಿಕೊಂಡದ್ದುಂಟು, ಮೊದಲು ಸರಿ ಇದ್ದದ್ದು ಆಮೇಲೆ ಕುಸಿದದ್ದೂ ಉಂಟು. ಹಾಗಾಗಿ ಒಂದು ಸಲದ ನಾರ್ಮಲ್ ಜೀವಮಾನದ ಸರ್ಟಿಫಿಕೇಟಲ್ಲ.

ಇಲ್ಲಿ ಗಡಿಯಾರದ ಮಾತು ಬರುತ್ತದೆ. ಕಾರ್ಟಿಸಾಲ್ ಬೆಳಿಗ್ಗೆ ಎಂಟರ ಸುಮಾರಿಗೆ ಎತ್ತರದಲ್ಲಿರುತ್ತದೆ, ಮಧ್ಯಾಹ್ನದ ಹೊತ್ತಿಗೆ ಆರೋಗ್ಯವಂತನಲ್ಲೂ ಇಳಿಯುತ್ತದೆ. ಟೆಸ್ಟೊಸ್ಟಿರಾನೂ ಬೆಳಗಿನದೇ ಬೇಕು. ಮೂರು ಗಂಟೆಗೆ ಡಾಕ್ಟರನ್ನು ಕಂಡು, ಹೋಗುವಾಗ ಲ್ಯಾಬಿನಲ್ಲಿ ರಕ್ತ ಕೊಟ್ಟು ಹೋಗಿ ಎಂದರೆ ಬರುವ ಅಂಕಿಗೆ ಅರ್ಥವಿಲ್ಲ. ಹಳ್ಳಿಗಾಡಿನಿಂದ ಎರಡು ಮೂರು ಗಂಟೆ ಗಾಡಿ ಓಡಿಸಿಕೊಂಡು ಬರುವ ಯೋಧನಿಗೆ ಎಂಟು ಗಂಟೆ ಎಂದರೆ ನಸುಕಿನಲ್ಲೇ ಹೊರಡಬೇಕು, ಅದೂ ರಾತ್ರಿಯೆಲ್ಲ ನಿದ್ದೆಯಿಲ್ಲದವನು. ಏಕೆ ಅದೇ ಹೊತ್ತು ಎಂದು ಒಂದು ನಿಮಿಷ ಕೂತು ವಿವರಿಸದಿದ್ದರೆ ಅವನು ಬರುವುದಿಲ್ಲ.

ಬೆಳವಣಿಗೆಯ ಹಾರ್ಮೋನಿನ ಕೊರತೆಯನ್ನು ಇಷ್ಟರಿಂದಲೇ ಹಿಡಿಯಲಾಗದು. ಐ.ಜಿ.ಎಫ್.-1 ಸರಿ ಇದ್ದೂ ಕೊರತೆ ಇರಬಹುದು. ಪ್ರಚೋದನೆಯ ಪರೀಕ್ಷೆ ಬೇಕಾಗುತ್ತದೆ. ಹಳೆಯದಾದ ಇನ್ಸುಲಿನ್ ಪರೀಕ್ಷೆ ಮೂರ್ಛೆಯ ಇತಿಹಾಸವಿದ್ದವನಿಗೆ ಅಪಾಯಕಾರಿ, ತಲೆಪೆಟ್ಟಿನವರಲ್ಲಿ ಮೂರ್ಛೆ ಇರುವವರು ಕಡಿಮೆಯೇನಲ್ಲ. ಗ್ಲುಕಗಾನ್ ಪರೀಕ್ಷೆಗೆ ಅರ್ಧ ದಿನ. 2017ರ ಕೊನೆಯಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಮ್ಯಾಸಿಮೊರೆಲಿನ್ ಎಂಬ ಕುಡಿಯುವ ಔಷಧಿಯಿಂದ ಒಂದೂವರೆ ಗಂಟೆಯಲ್ಲಿ ಕೆಲಸ ಮುಗಿಯುತ್ತಿತ್ತು, ಆದರೆ 2023ರಲ್ಲಿ ಅಲ್ಲಿ ಅದರ ಮಾರಾಟ ನಿಂತಿತು. ಇವು ತಜ್ಞರ ಕೆಲಸ, ಅವರಿಗೆ ಬಿಡಿ.

ಆದರೆ ಒಂದನ್ನು ಯಾರೂ ಬಿಡುವಂತಿಲ್ಲ. ಕಾರ್ಟಿಸಾಲ್ ಮತ್ತು ಥೈರಾಯ್ಡ್ ಎರಡೂ ಕಡಿಮೆ ಇರುವವನಿಗೆ ಮೊದಲು ಥೈರಾಯ್ಡ್ ಮಾತ್ರೆ ಕೊಟ್ಟರೆ, ಇದ್ದಬದ್ದ ಕಾರ್ಟಿಸಾಲೂ ಬೇಗ ಖರ್ಚಾಗಿ ಜೀವಕ್ಕೇ ಸಂಚಕಾರ. ಮೊದಲು ಹೈಡ್ರೊಕಾರ್ಟಿಸೋನ್, ಆಮೇಲೆ ಥೈರಾಕ್ಸಿನ್. ಜ್ವರ ಬಂದರೆ ಡೋಸು ದುಪ್ಪಟ್ಟು, ಜೇಬಿನಲ್ಲಿ ಒಂದು ಚೀಟಿ. ಆ ವಾರ್ಡಿನ ಹೆಂಗಸಿಗೆ ಮನೆಗೆ ಕಳಿಸುವಾಗ ಹೇಳಿದ್ದೂ ಇದನ್ನೇ. ಔಷಧಿಯೂ ಅದೇ, ಅಗ್ಗದ್ದೇ.

ಹೆಂಗಸರ ಮಾತು ಬಂದದ್ದರಿಂದ ಇನ್ನೊಂದು. ಸಿಯಾಟಲ್ಲಿನ 26 ಮಂದಿಯೂ ಗಂಡಸರು, ಲಂಡನ್ನಿನ 19 ಮಂದಿಯೂ ಗಂಡಸರು. ಅಮೆರಿಕದ ಸೇನೆಯಲ್ಲಿ ಬಾಂಬಿಗೆ ಸಿಕ್ಕ ಹೆಂಗಸರು ಇಲ್ಲವೇ? ಇದ್ದಾರೆ, ನಿಮ್ಮ ಆಸ್ಪತ್ರೆಗಳಿಗೇ ಬರುತ್ತಾರೆ. ಮೂವತ್ತೈದಕ್ಕೇ ಮುಟ್ಟು ನಿಂತರೆ ಒತ್ತಡ ಎಂದೋ, ಗರ್ಭನಿರೋಧಕದ ಪರಿಣಾಮ ಎಂದೋ ಬರೆದು ಮುಗಿಸುವುದು ಸುಲಭ. ಮುಟ್ಟು ನಿಂತದ್ದನ್ನೇ ಹಿಡಿದು ಪಿಟ್ಯುಟರಿಯವರೆಗೆ ಹೋಗಲು ಕಲಿತವರು ನೀವು. ಆ ಹೆಂಗಸರನ್ನು ಕುರಿತು ಬರೆಯಬೇಕಾದದ್ದು ಇನ್ನೂ ಬಹಳ ಇದೆ; ನಿಮ್ಮಲ್ಲೇ ಯಾರಾದರೂ ಬರೆದರೆ ಆಶ್ಚರ್ಯವಿಲ್ಲ.

ಆದ್ದರಿಂದ ಈ ಪತ್ರದ ಕೋರಿಕೆ ಚಿಕ್ಕದು. ಬಾಂಬಿಗೆ ಸಿಕ್ಕೆ, ತಲೆಗೆ ಪೆಟ್ಟಾಯಿತು, ಆಮೇಲೆ ನಾನು ನಾನಾಗಿ ಉಳಿಯಲಿಲ್ಲ ಎನ್ನುವ ಯೋಧ ಮುಂದಿನ ಸಲ ಎದುರಿಗೆ ಕೂತಾಗ, ಕಂಪ್ಯೂಟರಿನ ಪಟ್ಟಿಯಲ್ಲಿ ಇಲ್ಲದ ಆ ಎರಡು ಪ್ರಶ್ನೆಗಳನ್ನು ಕೇಳಿ. ಹೆಂಡತಿ ಜತೆಗೆ ಬಂದಿದ್ದರೆ ಆಕೆಯನ್ನೂ ಕೇಳಿ, ನಿಜ ಹೆಚ್ಚಾಗಿ ಅಲ್ಲಿಂದ ಬರುತ್ತದೆ. ಲ್ಯಾಬಿಗೆ ಬರೆಯುವಾಗ ಫ್ರೀ ಟಿ4 ಮರೆಯಬೇಡಿ, ಏಕೆಂದರೆ ಪಿಟ್ಯುಟರಿ ಸೋತಾಗ ಟಿ.ಎಸ್.ಎಚ್. ಒಂದೇ ನೋಡಿದರೆ ಎಲ್ಲ ಸರಿ ಇದ್ದಂತೆ ಕಾಣುತ್ತದೆ. ಮತ್ತೆ, ಆದೇಶದ ಕೊನೆಯಲ್ಲಿ ಹೊತ್ತು ನಮೂದಿಸಿ: ಬೆಳಿಗ್ಗೆ 8 ಗಂಟೆ.